ಕೂದಲು ಉದುರುತ್ತಿದೆಯಾ? ಬೋರ್ ನೀರನ್ನು ಬೈಯುವ ಮುಂಚೆ ಇಷ್ಟು ನೋಡಿ

ಕೋಲಾರದ ಕಡೆ ಕೂದಲು ಉದುರಿದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು "ನೀರು ಸರಿ ಇಲ್ಲ" ಅಂತ. ಮುಳಬಾಗಿಲಿಂದ ಮಾಲೂರಿನವರೆಗೆ ಯಾರನ್ನು ಬೇಕಾದರೂ ಕೇಳಿ. ಮದುವೆಯಾಗಿ ಬೇರೆ ಊರಿಂದ ಬಂದ ಹೆಣ್ಣುಮಕ್ಕಳಂತೂ ಇದನ್ನು ಖಡಾಖಂಡಿತವಾಗಿ ಹೇಳುತ್ತಾರೆ. "ಅಣ್ಣ, ಈ ಬೋರ್ ನೀರಿಗೆ ಬಂದು ನನ್ನ ಜಡೆ ಅರ್ಧ ಆಯ್ತು. ಒಂದು ಒಳ್ಳೆ ಮಾತ್ರೆ ಇದ್ರೆ ಕೊಡಿ." ನನ್ನ ಮೆಡಿಕಲ್ ಅಂಗಡಿಯಲ್ಲಿ ಇದು ಮತ್ತೆ ಮತ್ತೆ ಕೇಳುವ ಮಾತು. ತಪ್ಪು ನೀರಿನದ್ದಾದರೆ ಮಾತ್ರೆ ನುಂಗಿ ಏನು ಪ್ರಯೋಜನ, ಅಲ್ವಾ?

ನಾನು ಡಾಕ್ಟರಲ್ಲ. ಆದರೆ ಕೌಂಟರಿನ ಈ ಕಡೆ ನಿಂತು ನೋಡಿದರೆ ಒಂದು ವಿಷಯ ಚೆನ್ನಾಗಿ ಕಾಣುತ್ತದೆ. ತಲೆಗೆ ಏನು ಹಚ್ಚಬೇಕು ಅನ್ನುವುದಕ್ಕೆ ಜನ ದುಡ್ಡು ಸುರಿಯುತ್ತಾರೆ. ಕೂದಲು ಹೇಗೆ ಉದುರುತ್ತಿದೆ, ಎಲ್ಲಿಂದ ಉದುರುತ್ತಿದೆ, ಯಾವಾಗಿನಿಂದ ಶುರುವಾಯಿತು ಎಂದು ನೋಡುವುದೇ ಇಲ್ಲ. ಅದಕ್ಕೆ ಕಾಸು ಬೇಡ. ಒಂದು ಕನ್ನಡಿ, ಒಂದು ಬಿಳಿ ಟವೆಲ್, ಗೋಡೆ ಮೇಲಿನ ಕ್ಯಾಲೆಂಡರ್ ಸಾಕು.

ನೀರಿನ ಪಾಲು ಎಷ್ಟು?

ನೀರಿಗೆ ಏನೂ ಪಾಲಿಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಕೂಡ ಮಳೆ ಬಂದಾಗ ಮಾತ್ರ ನದಿ. ಸಾವಿರ ಅಡಿ ದಾಟಿದ ಬೋರ್‌ಗಳು ಇಲ್ಲಿ ಮಾಮೂಲು. ಅಷ್ಟು ಆಳದ ನೀರು ಬಂಡೆಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತದೆ. ಅದೇ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಮ್ಮ ಹಂಡೆಗಳ ತಳದಲ್ಲಿ ಕಟ್ಟುವ ಬಿಳಿ ಪದರ ನೋಡಿದರೆ ಲ್ಯಾಬ್ ರಿಪೋರ್ಟ್ ಬೇಕಾಗಿಲ್ಲ.

ಈ ನೀರು ಕೂದಲಿಗೆ ಮಾಡುವುದೇನು? ಕೂದಲಿನ ಹೊರಪದರ ಮನೆ ಹೆಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿಕೊಂಡಿರುತ್ತದೆ. ಗಡಸು ನೀರಿನ ಸುಣ್ಣದಂಶ ಅದರ ಮೇಲೆ ಕೂರುತ್ತದೆ, ಕೂದಲು ಒರಟಾಗುತ್ತದೆ, ಸಿಕ್ಕು ಕಟ್ಟುತ್ತದೆ. ಬಾಚುವಾಗ ಎಳೆ ಮಧ್ಯದಲ್ಲೇ ತುಂಡಾಗುತ್ತದೆ. ಆದರೆ ಕೂದಲು ಹುಟ್ಟುವ ಬೇರು ಚರ್ಮದೊಳಗೆ ಕೆಲವು ಮಿಲಿಮೀಟರ್ ಆಳದಲ್ಲಿದೆ. ತಲೆಗೆ ಹಾಕಿದ ನೀರು ಅಲ್ಲಿಗೆ ಇಳಿದು ಬೇರು ಕೀಳುವುದಿಲ್ಲ. ನೀರು ಕೂದಲನ್ನು ಮುರಿಯುತ್ತದೆ, ಬುಡದಿಂದ ಉದುರಿಸುವುದಿಲ್ಲ. ಇಷ್ಟನ್ನು ನೆನಪಿಟ್ಟುಕೊಂಡರೆ ಮುಂದಿನದ್ದು ಸುಲಭ.

ಫ್ಲೋರೈಡ್ ಬಗ್ಗೆಯೂ ಕೇಳುತ್ತಾರೆ. ಅದು ಹಾಳು ಮಾಡುವುದು ಹಲ್ಲು ಮತ್ತು ಮೂಳೆಯನ್ನು, ಅದೂ ಕುಡಿದಾಗ. ಹಾಗಾಗಿ ಕುಡಿಯಲು ಶುದ್ಧ ನೀರಿನ ಘಟಕದ ನೀರೇ ಇರಲಿ. ಇನ್ನು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆಯಲ್ಲ, ಕೆಲವರು ಕೂದಲ ಕಥೆಯನ್ನೂ ಅದರ ತಲೆಗೇ ಕಟ್ಟುತ್ತಾರೆ. ಆ ನೀರಿನ ಗುಣಮಟ್ಟದ ಬಗ್ಗೆ ಪ್ರಶ್ನೆ ಕೇಳಲೇಬೇಕು. ಆದರೆ ಜಡೆ ತೆಳುವಾಗಿದ್ದಕ್ಕೂ ಅದಕ್ಕೂ ಗಂಟು ಹಾಕುವ ಮುಂಚೆ ಕೆಳಗಿನ ಮೂರು ಪರೀಕ್ಷೆ ಮಾಡಿ ನೋಡಿ.

ಮೊದಲು ಬಿದ್ದ ಕೂದಲನ್ನು ನೋಡಿ

ತಲೆ ಬಾಚಿದಾಗ ಟವೆಲ್ ಮೇಲೆ ಬಿದ್ದ ಕೂದಲನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಕಾಣುತ್ತದೆಯಾ? ಕಂಡರೆ ಅದು ಬುಡದಿಂದ ಉದುರಿದ ಕೂದಲು. ಗಂಟಿಲ್ಲ, ಎಳೆಗಳು ಗಿಡ್ಡ ಉದ್ದ ಹೇಗೆಂದರೆ ಹಾಗಿವೆ ಅಂದರೆ ಅವು ತುಂಡಾದವು. ತುಂಡಾಗಿದ್ದರೆ ನೀರು, ಬಾಚಣಿಗೆ, ಬಣ್ಣ, ಸ್ಟ್ರೇಟ್ನಿಂಗ್ ಕಡೆ ನೋಡಬೇಕು. ಬುಡದಿಂದ ಬಂದಿದ್ದರೆ ಕಾರಣ ದೇಹದ ಒಳಗೆ ಹುಡುಕಬೇಕು. ಬಿಳಿ ಗಂಟು ಕಂಡ ತಕ್ಷಣ "ಬೇರೇ ಹೋಯ್ತು, ಇನ್ನು ಬರಲ್ಲ" ಅಂತ ಹೆದರುವವರಿದ್ದಾರೆ. ಹಾಗೇನಿಲ್ಲ. ಬೇರು ಚರ್ಮದಲ್ಲೇ ಉಳಿದಿರುತ್ತದೆ.

ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಇರುತ್ತವೆ. ಪ್ರತಿ ಕೂದಲೂ ಕೆಲವು ವರ್ಷ ಬೆಳೆದು, ಮೂರು ತಿಂಗಳ ಹಾಗೆ ಸುಮ್ಮನಿದ್ದು, ಆಮೇಲೆ ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವಾರಕ್ಕೊಮ್ಮೆ ಮಾತ್ರ ತಲೆಗೆ ಎರೆದುಕೊಳ್ಳುವವರಿಗೆ ವಾರದ ಲೆಕ್ಕವೆಲ್ಲ ಅವತ್ತೇ ಬಚ್ಚಲಲ್ಲಿ ಕಾಣುತ್ತದೆ. ನೋಡಿ ಎದೆ ಧಸಕ್ ಅನ್ನುತ್ತದೆ, ಆದರೆ ಅಷ್ಟೂ ಒಂದೇ ದಿನ ಉದುರಿದ್ದಲ್ಲ.

ಎಣಿಸುತ್ತಾ ಕೂರುವುದಕ್ಕಿಂತ ಒಂದು ಸುಲಭ ಪರೀಕ್ಷೆ ಇದೆ. ಹಿಂದಿನ ದಿನ ತಲೆ ತೊಳೆದಿರಬಾರದು. ಸುಮಾರು 50–60 ಕೂದಲಿನ ಒಂದು ಸಣ್ಣ ಗೊಂಚಲನ್ನು ಬುಡದ ಹತ್ತಿರ ಎರಡು ಬೆರಳಲ್ಲಿ ಹಿಡಿದು, ತುದಿಯವರೆಗೆ ಮೆಲ್ಲಗೆ ಎಳೆಯಿರಿ. ಎರಡು ಮೂರು ಬಂದರೆ ಚಿಂತೆ ಬೇಡ. ತಲೆಯ ನಾಲ್ಕು ಕಡೆ ಹೀಗೆ ಮಾಡಿದಾಗ ಪ್ರತಿ ಸಲ ಆರಕ್ಕಿಂತ ಜಾಸ್ತಿ ಕೈಗೆ ಬಂದರೆ, ಉದುರುವುದು ನಿಜಕ್ಕೂ ಜಾಸ್ತಿಯಾಗಿದೆ.

ಆಮೇಲೆ ಕ್ಯಾಲೆಂಡರ್ ಮೂರು ತಿಂಗಳು ಹಿಂದಕ್ಕೆ ತಿರುಗಿಸಿ

ಇದು ಬಹಳ ಜನ ತಪ್ಪಿಸಿಕೊಳ್ಳುವ ಹೆಜ್ಜೆ. ಕೂದಲು ಇವತ್ತು ಉದುರಿದರೆ ಕಾರಣ ನಿನ್ನೆ ಬದಲಿಸಿದ ಶಾಂಪೂ ಅಂದುಕೊಳ್ಳುತ್ತಾರೆ. ಅಸಲಿಗೆ ದೇಹಕ್ಕೆ ಒಂದು ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳು ಒಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತವೆ. ನಿಂತ ಕೂದಲು ಉದುರುವುದು ಎರಡು ಮೂರು ತಿಂಗಳ ನಂತರ. ಅಷ್ಟರಲ್ಲಿ ಆ ಪೆಟ್ಟನ್ನು ನಾವು ಮರೆತೇಬಿಟ್ಟಿರುತ್ತೇವೆ.

ಯಾವ ಪೆಟ್ಟು? ಡೆಂಗಿ, ಚಿಕುನ್‌ಗುನ್ಯಾ, ಟೈಫಾಯ್ಡ್‌ನಂಥ ಜೋರು ಜ್ವರ. ಆಪರೇಷನ್. ಹೆರಿಗೆ. ಮನೆಯಲ್ಲಿ ಸಾವು, ಸಾಲದ ಕಾಟದಂಥ ದೊಡ್ಡ ಚಿಂತೆ. ಮದುವೆ ಗೊತ್ತಾದ ಮೇಲೆ ಊಟ ಬಿಟ್ಟು ಬೇಗ ಬೇಗ ತೂಕ ಇಳಿಸುವುದೂ ಇದರಲ್ಲೇ ಸೇರಿದೆ. ನಮ್ಮಲ್ಲಿ ಮಳೆಗಾಲದಲ್ಲಿ ಡೆಂಗಿ ಬಂದರೆ, ದೀಪಾವಳಿ ಕಳೆದ ಮೇಲೆ ಕೂದಲ ದೂರು ಹೊತ್ತು ಬರುವವರು ಜಾಸ್ತಿಯಾಗುವುದು ಇದೇ ಲೆಕ್ಕಕ್ಕೆ. ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಾ ಅಂತ ಕೇಳಿದರೆ, "ಹೌದಲ್ಲಾ" ಅಂತಾರೆ.

ಈ ಥರದ ಉದುರುವಿಕೆ ತಲೆಯ ತುಂಬ ಒಂದೇ ಸಮ ಇರುತ್ತದೆ, ಬೋಳು ಮಚ್ಚೆ ಬೀಳುವುದಿಲ್ಲ. ಸಮಾಧಾನದ ಸಂಗತಿ ಏನೆಂದರೆ ಕಾರಣ ಹೋದ ಮೇಲೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಹೊಸ ಕೂದಲು ನಿಗುರಿ ನಿಂತರೆ ಅದು ಒಳ್ಳೆಯ ಲಕ್ಷಣ. ಆದರೆ ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹಳೆಯ ಜಡೆಯ ದಪ್ಪ ಮತ್ತೆ ಕಾಣಲು ವರ್ಷದ ಮೇಲೆ ಬೇಕು. ಈ ಮಧ್ಯೆ ಯಾವ ಎಣ್ಣೆ ಹಚ್ಚಿದರೂ ಅದಕ್ಕೇ ಹೆಸರು ಬರುತ್ತದೆ! ಎಷ್ಟೋ "ಪವಾಡದ ಎಣ್ಣೆ"ಗಳ ಗುಟ್ಟು ಇಷ್ಟೇ.

ಬಾಣಂತಿಯರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಸುರಿಯಲ್ಲಿ ಹಾರ್ಮೋನ್ ಜಾಸ್ತಿ ಇರುವುದರಿಂದ ಉದುರಬೇಕಾದ ಕೂದಲೂ ತಲೆಯಲ್ಲೇ ನಿಂತಿರುತ್ತದೆ. ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ ಅದೆಲ್ಲ ಒಟ್ಟಿಗೆ ಬೀಳಲು ಶುರುವಾಗುತ್ತದೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಹುತೇಕ ಸರಿಹೋಗುತ್ತದೆ. ಕಾಟ ಕೊಡುವುದು ನಮ್ಮ ಪಥ್ಯ. ಸೊಪ್ಪು ಬೇಡ, ಕಾಳು ಬೇಡ, ಮೊಟ್ಟೆ ಬೇಡ ಅಂತ ಬರೀ ಅನ್ನ, ಮೆಣಸಿನ ಸಾರಲ್ಲಿ ಮೂರು ತಿಂಗಳು ಕಳೆದರೆ ರಕ್ತ ಎಲ್ಲಿಂದ ಬರಬೇಕು? ಅಜ್ಜಿಯರಿಗೆ ಎದುರು ಮಾತಾಡುವುದು ಕಷ್ಟ, ಗೊತ್ತು. ಆಶಾ ಕಾರ್ಯಕರ್ತೆ ಕೈಲಿ ಹೇಳಿಸಿ, ಅವರ ಮಾತು ನಡೆಯುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆ ನಂತರವೂ 180 ದಿನ ನುಂಗಬೇಕು. ಹೆರಿಗೆಯಾಯ್ತು ಅಂತ ನಿಲ್ಲಿಸಬಾರದು.

ಈಗ ಕನ್ನಡಿ ಮುಂದೆ: ಎಲ್ಲಿ ಉದುರುತ್ತಿದೆ?

ಗಂಡಸರಿಗೆ ಹಣೆಯ ಎರಡು ಮೂಲೆ ಹಿಂದೆ ಸರಿಯುತ್ತಿದ್ದರೆ, ಅಥವಾ ನೆತ್ತಿ ಬಯಲಾಗುತ್ತಿದ್ದರೆ ಅದು ವಂಶದಿಂದ ಬಂದದ್ದು. ಡಿಎಚ್‌ಟಿ ಎಂಬ ಹಾರ್ಮೋನಿಗೆ ಅಲ್ಲಿನ ಬೇರುಗಳು ಸೊರಗಿ, ಕೂದಲು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತದೆ. ತಾಯಿಯ ಅಪ್ಪನನ್ನು ನೋಡಿದರೆ ಗೊತ್ತಾಗುತ್ತದೆ ಅನ್ನುವುದು ಅರ್ಧ ಮಾತು. ಇದು ಎರಡೂ ಕಡೆಯಿಂದ ಬರಬಹುದು. ಹೆಂಗಸರಲ್ಲಿ ಹಣೆಯ ಗೆರೆ ಹಾಗೇ ಇರುತ್ತದೆ, ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಬೈತಲೆಯನ್ನು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಲ್ಲಿ ಫೋಟೋ ತೆಗೆದಿಡಿ. ನೆನಪಿಗಿಂತ ಫೋಟೋ ನಂಬಿಕಸ್ಥ. ಹುಡುಗಿಯರಿಗೆ ಬೈತಲೆ ಅಗಲವಾಗುವುದರ ಜೊತೆ ಮುಟ್ಟು ಏರುಪೇರು, ಗಲ್ಲದ ಮೇಲೆ ಗಡ್ಡದಂಥ ಕೂದಲು, ಮೊಡವೆ ಇದ್ದರೆ ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದೆಯಾ ಅಂತ ಡಾಕ್ಟರಿಗೆ ತೋರಿಸಬೇಕು.

ನಾಣ್ಯದಷ್ಟು ಗುಂಡಗೆ, ನುಣ್ಣಗೆ ಬೋಳಾಗಿದ್ದರೆ ಅದು ಬೇರೆ. ಹಳ್ಳಿಗಳಲ್ಲಿ ಹುಳ ತಿಂದಿದೆ ಅನ್ನುತ್ತಾರೆ, ನಮ್ಮ ತೆಲುಗು ಮನೆಗಳಲ್ಲಿ ಪೇನುಕೊರುಕುಡು ಅನ್ನುತ್ತಾರೆ. ಹುಳವೂ ಇಲ್ಲ, ಹೇನೂ ಇಲ್ಲ. ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ಕೂದಲ ಬೇರಿನ ಮೇಲೆ ಬೀಳುವುದು ಇದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಂಡು ಬರುವವರನ್ನು ಕಂಡರೆ ಬೇಜಾರಾಗುತ್ತದೆ. ಚರ್ಮದ ಡಾಕ್ಟರು ಆ ಜಾಗಕ್ಕೆ ಸಣ್ಣ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಜನರಿಗೆ ಕೂದಲು ವಾಪಸ್ ಬರುತ್ತದೆ.

ಮಕ್ಕಳ ತಲೆಯಲ್ಲಿ ಮಚ್ಚೆಯ ಜೊತೆ ಹೊಟ್ಟು, ಕೆರೆತ, ಮುರಿದ ಕಪ್ಪು ಚುಕ್ಕೆಗಳು ಕಂಡರೆ ಅದು ಹುಳಕಡ್ಡಿ. ಇದು ಅಂಟುತ್ತದೆ. ಬಾಚಣಿಗೆ, ಟೋಪಿ, ದಿಂಬು ಬೇರೆ ಮಾಡಿ. ಇದಕ್ಕೆ ಮೇಲೆ ಹಚ್ಚುವ ಮುಲಾಮು ಸಾಲದು, ಡಾಕ್ಟರು ಕೊಡುವ ಮಾತ್ರೆಯನ್ನು ಕೆಲವು ವಾರ ನುಂಗಿಸಲೇಬೇಕು. ದಯವಿಟ್ಟು ನಮ್ಮಂಥ ಅಂಗಡಿಗೆ ಬಂದು "ಕೆರೆತದ ಟ್ಯೂಬ್ ಕೊಡಿ" ಅನ್ನಬೇಡಿ. ಸ್ಟೀರಾಯ್ಡ್ ಬೆರೆತ ಟ್ಯೂಬ್ ಹಚ್ಚಿದರೆ ಕೆರೆತ ನಿಂತ ಹಾಗೆ ಕಾಣುತ್ತದೆ, ಒಳಗೆ ಫಂಗಸ್ ಹಬ್ಬುತ್ತಿರುತ್ತದೆ.

ಕಿವಿಯ ಮುಂದೆ, ಹಣೆಯ ಅಂಚಿನಲ್ಲಿ ಮಾತ್ರ ಕೂದಲು ಹಿಂದೆ ಹೋಗಿದೆಯಾ? ಹಾಗಾದರೆ ಜಡೆ ಬಿಗಿ ಜಾಸ್ತಿ. ಶಾಲೆಗೆ ಹೋಗುವ ಮಕ್ಕಳಿಗೆ ಕಣ್ಣು ಮೇಲೆ ಎಳೆಯುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿ ರಿಬ್ಬನ್ ಕಟ್ಟುತ್ತೇವಲ್ಲ, ಅದು ವರ್ಷಗಟ್ಟಲೆ ನಡೆದರೆ ಬೇರು ಸಾಯುತ್ತದೆ. ಮದುವೆ ದಿನದ ಮೊಗ್ಗಿನ ಜಡೆಗೆ ನನ್ನ ತಕರಾರಿಲ್ಲ. ದಿನವೂ ಬಿಗಿ ತುರುಬು, ಅದರ ಮೇಲೆ ಭಾರದ ಕ್ಲಿಪ್ಪು ಬೇಡ ಅಷ್ಟೇ.

ರಕ್ತ, ಊಟ, ಮಾತ್ರೆ

ದೇಶದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು. ಅರ್ಧಕ್ಕಿಂತ ಜಾಸ್ತಿ! ಕೂದಲು ಉದುರುತ್ತಿದೆ, ಮೆಟ್ಟಿಲು ಹತ್ತಿದರೆ ಏದುಸಿರು, ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಅಂದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ. ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹಿಮೋಗ್ಲೋಬಿನ್ ಸರಿ ಇದ್ದರೂ ದೇಹದ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು. ಅದನ್ನು ಹೇಳುವುದು ಫೆರಿಟಿನ್ ಪರೀಕ್ಷೆ. ಜೊತೆಗೆ ಥೈರಾಯ್ಡ್‌ಗೆ ಟಿಎಸ್‌ಎಚ್. ಡಾಕ್ಟರು ಬೇಕೆಂದರೆ ವಿಟಮಿನ್ ಡಿ, ಬಿ12. ಇದಕ್ಕಿಂತ ಉದ್ದನೆಯ "ಹೇರ್ ಪ್ಯಾಕೇಜ್" ಪಟ್ಟಿ ಯಾರಾದರೂ ಕೊಟ್ಟರೆ, ಯಾವ ಪರೀಕ್ಷೆ ಯಾಕೆ ಅಂತ ಕೇಳಿ.

ಊಟದ ಮಾತಿಗೆ ಬಂದರೆ, ಮುದ್ದೆ ತಿನ್ನುವವರಿಗೆ ಏನೂ ಕೊರತೆಯಿಲ್ಲ ಅನ್ನುವ ಹೆಮ್ಮೆ ನಮಗಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ನಿಜ. ಆದರೆ ಪ್ರೋಟೀನ್ 100 ಗ್ರಾಂಗೆ ಬರೀ 7 ಗ್ರಾಂ. ಕೂದಲು ಬಹುಪಾಲು ಪ್ರೋಟೀನಿನಿಂದಲೇ ಆದದ್ದು. 55 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚು ಕಡಿಮೆ ಅಷ್ಟೇ, ಒಂದು ಹಿಡಿ ಹುರುಳಿಕಾಳಿನಲ್ಲಿ 6–7 ಗ್ರಾಂ. ಅಂದರೆ ಮುದ್ದೆಗೆ ತಿಳಿಸಾರು ಸಾಲದು. ಬಸ್ಸಾರು ಮಾಡಿದ ದಿನ ಕಾಳು ಪಲ್ಯ ತಟ್ಟೆಯಲ್ಲಿ ಮುದ್ದೆಯಷ್ಟೇ ಇರಲಿ. ಮಸ್ಸೊಪ್ಪು, ಹುರುಳಿ ಸಾರು, ಸೀಸನ್ನಿನಲ್ಲಿ ಅವರೆಕಾಳು, ನುಗ್ಗೆಸೊಪ್ಪು, ಒಂದು ಹಿಡಿ ಕಡ್ಲೆಕಾಯಿ ಸಾಕು, ವಿದೇಶಿ ಬೀಜ ಬೇಡ. ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರಿಗೆ ಪಾತ್ರೆ ತಳದ ತಿಳಿಯೇ ಉಳಿಯುವುದು. ಹೆಂಗಸರ ಕೂದಲು ಜಾಸ್ತಿ ಉದುರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ಬೇಕು. ಊಟಕ್ಕೆ ನಿಂಬೆಹಣ್ಣು ಹಿಂಡಿ, ಇಲ್ಲ ನೆಲ್ಲಿಕಾಯಿ ಕಚ್ಚಿಕೊಳ್ಳಿ. ಊಟವಾದ ಕೂಡಲೇ ಕಾಫಿ, ಟೀ ಬೇಡ, ಒಂದು ಗಂಟೆ ಬಿಡಿ. ಕಬ್ಬಿಣಾಂಶದ ಮಾತ್ರೆಯನ್ನು ಹಾಲಿನ ಜೊತೆ, ಕ್ಯಾಲ್ಸಿಯಂ ಮಾತ್ರೆ ಜೊತೆ ನುಂಗಬೇಡಿ. ಮಲ ಕಪ್ಪಗಾಗುವುದು ಸಹಜ.

ಇನ್ನು ಬಯೋಟಿನ್, ಅಂದರೆ ಕೂದಲಿಗೆ ಅಂತ ಮಾರುವ ಒಂದು ಬಿ ವಿಟಮಿನ್. ನಾನು ಮಾರುವ ಸರಕಿನ ಬಗ್ಗೆಯೇ ಹೇಳುತ್ತೇನೆ, ನಿಮ್ಮಲ್ಲಿ ಬಹುತೇಕರಿಗೆ ಅದು ಬೇಡ. ಸಾಮಾನ್ಯವಾಗಿ ಊಟ ಮಾಡುವವರಿಗೆ ಬಯೋಟಿನ್ ಕೊರತೆ ಬರುವುದು ಅಪರೂಪ. ಮೇಲಾಗಿ ಇದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ಅಡ್ಡದಾರಿಗೆ ಎಳೆಯುತ್ತದೆ. ವಿಟಮಿನ್ ಎ ಜಾಸ್ತಿಯಾದರೆ ಕೂದಲು ಉದುರುತ್ತದೆ ಅನ್ನುವುದೂ ಗೊತ್ತಿರಲಿ. ಮಲ್ಟಿವಿಟಮಿನ್ ಮಾತ್ರೆ ಎರಡು ಮೂರು ಥರ ಒಟ್ಟಿಗೆ ನುಂಗಬೇಡಿ.

ಗಡಸು ನೀರಲ್ಲಿ ತಲೆ ತೊಳೆಯುವುದು ಹೇಗೆ

ನಿಮ್ಮ ಕೂದಲು ತುಂಡಾಗುವ ಜಾತಿಯದ್ದಾದರೆ ಈ ಭಾಗ ನಿಮಗೆ. ಮೊದಲು ನೀರನ್ನು ಪರೀಕ್ಷಿಸಿ. ಎರಡು ಬಾಟಲಿ ತೊಗೊಳ್ಳಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಘಟಕದ ಆರ್‌ಒ ನೀರು. ಎರಡಕ್ಕೂ ಸಮವಾಗಿ ಸ್ವಲ್ಪ ಮೈಸೋಪು ತುರಿದು ಹಾಕಿ ಕುಲುಕಿ. ಬೋರ್ ನೀರಲ್ಲಿ ನೊರೆ ಬಾರದೆ ಬಿಳಿ ಗಸಿ ತೇಲಿದರೆ ನೀರು ಗಡಸು. ಮೈಸೋಪನ್ನೇ ತಲೆಗೂ ತಿಕ್ಕುವವರ ಕೂದಲ ಮೇಲೆ ಕೂರುವುದು ಇದೇ ಗಸಿ. ಅದಕ್ಕೇ ತಲೆಗೆ ಸೋಪು ಬೇಡ. ಶಾಂಪೂ ಆಗಲಿ, ಸೀಗೆಕಾಯಿ, ಚಿಗರೆ ಪುಡಿಯಾಗಲಿ ಹೀಗೆ ಗಸಿ ಕಟ್ಟುವುದಿಲ್ಲ. ಪುಡಿಯನ್ನು ಮಾತ್ರ ಜರಡಿ ಹಿಡಿದು, ಬಿಸಿನೀರಲ್ಲಿ ನೆನೆಸಿ ಸೋಸಿ ಹಾಕಿಕೊಳ್ಳಿ. ತರಿ ಪುಡಿ ಉಜ್ಜಿದರೆ ಕೂದಲೇ ಸವೆಯುತ್ತದೆ.

ನೀರಿನ ಗಡಸುತನ ಇಳಿಸಲು ಮನೆಯಲ್ಲೇ ಸ್ವಲ್ಪ ಮಾಡಬಹುದು. ಹಂಡೆಯಲ್ಲಿ ನೀರು ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ಕಲಕದೆ ಮೇಲಿನ ತಿಳಿಯನ್ನು ಮಾತ್ರ ಬಕೆಟ್ಟಿಗೆ ತೊಗೊಳ್ಳಿ. ಸುಣ್ಣದಂಶದ ಒಂದು ಪಾಲು ತಳಕ್ಕೆ ಕೂತಿರುತ್ತದೆ, ಪೂರ್ತಿ ಹೋಗುವುದಿಲ್ಲ. ಪಟಿಕ ಹಾಕಿದರೆ ಕೆಸರು ತಿಳಿಯಾಗುತ್ತದೆಯೇ ಹೊರತು ಗಡಸುತನ ಇಳಿಯುವುದಿಲ್ಲ. ನಲ್ಲಿಗೆ ಸಿಕ್ಕಿಸುವ ಅಗ್ಗದ ಫಿಲ್ಟರ್‌ಗಳದ್ದೂ ಹೆಚ್ಚು ಕಡಿಮೆ ಅದೇ ಕಥೆ. ನಿಜಕ್ಕೂ ಕೆಲಸ ಮಾಡುವುದು ಉಪ್ಪು ಹಾಕುವ ಸಾಫ್ಟ್‌ನರ್. ಅದು ದುಬಾರಿ, ಬಾಡಿಗೆ ಮನೆಯವರಿಗೆ ಆಗದ ಮಾತು.

ನಾನು ಎಲ್ಲರಿಗೂ ಹೇಳುವ ಉಪಾಯ ಇದು. ತಲೆಯನ್ನು ಬೋರ್ ನೀರಲ್ಲೇ ತೊಳೆಯಿರಿ, ಕೊನೆಯ ಎರಡು ಚೊಂಬು ಮಾತ್ರ ಘಟಕದ ನೀರು ಇರಲಿ. ಐದೋ ಹತ್ತೋ ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ಬರುತ್ತದೆ. ಅದರಲ್ಲಿ ಎರಡು ಚೊಂಬು ದೊಡ್ಡ ಖರ್ಚಲ್ಲ. ಕೂದಲು ತುಂಬ ಒರಟಾಗಿದ್ದರೆ ವಾರಕ್ಕೊಮ್ಮೆ ಆ ಒಂದು ಚೊಂಬಿಗೆ ಒಂದು ಚಮಚ ನಿಂಬೆರಸ ಬೆರೆಸಿ, ಜಡೆಯ ಉದ್ದಕ್ಕೆ ಸುರಿದು, ಇನ್ನೊಂದು ಚೊಂಬಲ್ಲಿ ತೊಳೆಯಿರಿ. ನಿಂಬೆಹೋಳನ್ನು ನೇರವಾಗಿ ತಲೆಗೆ ತಿಕ್ಕಬೇಡಿ, ಉರಿಯುತ್ತದೆ. ಮಳೆಗಾಲದಲ್ಲಿ ತಾರಸಿ ನೀರು ಹಿಡಿಯುವವರು ಮೊದಲ ಮಳೆ ಬಿಟ್ಟು ಆಮೇಲಿನದ್ದು ಹಿಡಿದಿಟ್ಟುಕೊಳ್ಳಿ. ಕೂದಲಿಗೆ ಅದಕ್ಕಿಂತ ಮೆದು ನೀರು ಕಾಸು ಕೊಟ್ಟರೂ ಸಿಗದು.

ತೊಳೆಯುವ ಕ್ರಮ ಹೀಗಿರಲಿ. ನೀರು ಉಗುರುಬೆಚ್ಚಗೆ ಸಾಕು. ಶಾಂಪೂವನ್ನು ಮಗ್ಗಿನಲ್ಲಿ ನೀರಿಗೆ ಕಲಸಿ, ಬೆರಳ ತುದಿಯಿಂದ ನೆತ್ತಿಗೆ ಹಚ್ಚಿ, ಉಗುರಿಂದ ಕೆರೆಯಬೇಡಿ. ಜಡೆಯನ್ನು ಬಟ್ಟೆ ಒಗೆದಂತೆ ಕುಕ್ಕುವುದು ಬೇಡ, ಇಳಿಯುವ ನೊರೆಯೇ ಅದಕ್ಕೆ ಸಾಕು. ಕಂಡೀಷನರ್ ಅಂದರೆ ಶೋಕಿ ಅನ್ನುತ್ತಾರೆ. ನಮ್ಮ ನೀರಿಗೆ ಅದು ಶಾಂಪೂವಿನಷ್ಟೇ ಮುಖ್ಯ. ಕಿವಿಯಿಂದ ಕೆಳಗೆ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆಯಿರಿ. ದಾಸವಾಳದ ಎಲೆ ಕಿವುಚಿದ ಲೋಳೆ, ನೆನೆಸಿ ರುಬ್ಬಿದ ಮೆಂತ್ಯ ಕೂಡ ಇದೇ ಕೆಲಸ ಮಾಡುತ್ತವೆ, ನುಣುಪು ಕೊಡುತ್ತವೆ. ಹೊಸ ಕೂದಲು ಹುಟ್ಟಿಸುತ್ತವೆ ಅನ್ನುವುದನ್ನು ಮಾತ್ರ ನಂಬಬೇಡಿ. ವಾರಕ್ಕೆ ಎರಡು ಮೂರು ಸಲ ತೊಳೆದರೆ ಸರಿ. ಬೈಕಲ್ಲಿ ನರಸಾಪುರದ ಫ್ಯಾಕ್ಟರಿಗೆ ದಿನಾ ಧೂಳು ಕುಡಿದು ಹೋಗಿಬರುವವರು ದಿನ ಬಿಟ್ಟು ದಿನ ತೊಳೆದರೂ ತಪ್ಪಿಲ್ಲ. ಹೆಲ್ಮೆಟ್‌ನಿಂದ ಬೊಕ್ಕತಲೆ ಬರುವುದಿಲ್ಲ. ಒಳಗಡೆ ಒಂದು ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಅದನ್ನು ಒಗೆಯುತ್ತಿರಿ. ಹೆಲ್ಮೆಟ್ ತೆಗೆಯಬೇಡಿ.

ಎಣ್ಣೆ, ಹೊಟ್ಟು, ಬಾಚಣಿಗೆ

ಕೊಬ್ಬರಿ ಎಣ್ಣೆಯನ್ನು ತೊಳೆಯುವ ಮೊದಲು ಹಚ್ಚಬೇಕು. ಅದು ಕೂದಲ ಒಳಗೆ ಇಳಿದು, ನೀರಲ್ಲಿ ಪ್ರೋಟೀನ್ ಕರಗಿ ಹೋಗುವುದನ್ನು ತಡೆಯುತ್ತದೆ. ಸೂರ್ಯಕಾಂತಿ ಎಣ್ಣೆಗೆ, ವಾಸನೆ ಹಾಕಿದ ಖನಿಜ ಎಣ್ಣೆಗೆ ಆ ಗುಣ ಇಲ್ಲ. ತುಮಕೂರು ಜಿಲ್ಲೆಯ ತಿಪಟೂರಲ್ಲಿ ಕೊಬ್ಬರಿಯ ದೊಡ್ಡ ಮಾರುಕಟ್ಟೆಯೇ ಇರುವಾಗ ಗಾಣದ ಎಣ್ಣೆಗೆ ನಮಗೇನು ಬರ? ಒಂದೆರಡು ಗಂಟೆ ಮುಂಚೆ ಜಡೆಯ ಉದ್ದಕ್ಕೆ ಹಚ್ಚಿ ತೊಳೆದುಬಿಡಿ. ಹರಳೆಣ್ಣೆ ತುಂಬ ಅಂಟು, ಬೇಕಿದ್ದರೆ ಕೊಬ್ಬರಿ ಎಣ್ಣೆಗೆ ಕೆಲವು ಹನಿ ಬೆರೆಸಿ.

ತಲೆಹೊಟ್ಟು ಇದ್ದವರು ಮಾತ್ರ ನೆತ್ತಿಗೆ ಎಣ್ಣೆ ಸುರಿಯುವುದನ್ನು ನಿಲ್ಲಿಸಬೇಕು. "ತಲೆ ಒಣಗಿದೆ, ಅದಕ್ಕೇ ಹೊಟ್ಟು" ಅನ್ನುವುದು ತಪ್ಪು ತಿಳಿವಳಿಕೆ. ಹೊಟ್ಟಿಗೆ ಕಾರಣವಾಗುವ ಫಂಗಸ್ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ಕೀಟೋಕೊನಜೋಲ್ 2% ಶಾಂಪೂ ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಹಾಕಿ. ಹಚ್ಚಿದ ಮೇಲೆ ಐದು ನಿಮಿಷ ಬಿಡಬೇಕು. ಹಚ್ಚಿದ ಕೂಡಲೇ ತೊಳೆದುಕೊಂಡು "ಏನೂ ಆಗಲಿಲ್ಲ" ಅನ್ನುವವರೇ ಜಾಸ್ತಿ.

ಒದ್ದೆ ಕೂದಲನ್ನು ಬಾಚಬೇಡಿ, ಟವೆಲಲ್ಲಿ ಬಡಿಯಬೇಡಿ. ಅರ್ಧ ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಬಣ್ಣ ಹಚ್ಚುವವರು 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ. ಕಪ್ಪು ಮೆಹಂದಿ ಅಂತ ಬರುವ ಪುಡಿಯಲ್ಲೂ ಕೂದಲ ಬಣ್ಣದಲ್ಲಿರುವ, ಅಲರ್ಜಿ ತರುವ ಅದೇ ಪಿಪಿಡಿ ರಾಸಾಯನಿಕ ಇರಬಹುದು, ಮುಖ ಊದಿಕೊಳ್ಳಬಹುದು.

ಮುಡಿ ಕೊಟ್ಟರೆ ಕೂದಲು ದಟ್ಟವಾಗಿ ಬರುತ್ತೆ ಅನ್ನುವ ನಂಬಿಕೆಯೂ ಇದೆ. ಬೋಳಿಸಿದಾಗ ಕತ್ತರಿಸಿದ ತುದಿ ಮೊಂಡಾಗಿ, ಬರುವ ಕೂದಲು ದಪ್ಪ ಅನಿಸುತ್ತದೆ. ಬೇರಿನ ಲೆಕ್ಕ ಒಂದೂ ಬದಲಾಗುವುದಿಲ್ಲ. ತಿರುಮಲೆಗೋ ಚಿಕ್ಕತಿರುಪತಿಗೋ ಹರಕೆ ಇದ್ದರೆ ದೇವರಿಗಾಗಿ ಕೊಡಿ, ಕೂದಲಿಗಾಗಿ ಬೇಡ.

ಔಷಧದ ಮಾತು

ವಂಶದಿಂದ ಬಂದ ಉದುರುವಿಕೆಗೆ ನಿಜವಾಗಿ ಕೆಲಸ ಮಾಡುವ ಔಷಧ ಬೆರಳೆಣಿಕೆಯಷ್ಟು. ಮೊದಲನೆಯದು ಮಿನಾಕ್ಸಿಡಿಲ್. ಬಿಪಿ ಮಾತ್ರೆಯಾಗಿ ಬಂದದ್ದು, ನುಂಗಿದವರ ಮೈಮೇಲೆ ಕೂದಲು ಹುಟ್ಟಿದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. ಒಣಗಿದ ನೆತ್ತಿಗೆ ಹಚ್ಚಬೇಕು, ಎಣ್ಣೆಯ ಮೇಲಲ್ಲ. ಶುರು ಮಾಡಿದ ಕೆಲವು ವಾರ ಕೂದಲು ಇನ್ನೂ ಜಾಸ್ತಿ ಉದುರಬಹುದು. ಹೆದರಿ ಅಲ್ಲೇ ನಿಲ್ಲಿಸುವವರು ಬಹಳ. ನಾಲ್ಕರಿಂದ ಆರು ತಿಂಗಳು ಹಚ್ಚದೆ ಫಲ ಗೊತ್ತಾಗುವುದಿಲ್ಲ, ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ. ಅಷ್ಟು ದಿನದ ಖರ್ಚು ಲೆಕ್ಕ ಹಾಕಿಯೇ ಶುರು ಮಾಡಿ. ಬಸುರಿಯರು, ಎದೆಹಾಲು ಕೊಡುವವರು ಮುಟ್ಟಬಾರದು. ಇನ್ನೊಂದು ಫಿನಾಸ್ಟರೈಡ್ ಮಾತ್ರೆ. ಇದು ಗಂಡಸರಿಗೆ, ಡಾಕ್ಟರ ಚೀಟಿ ಇದ್ದರೆ ಮಾತ್ರ. ಬಸುರಿಯರು ಇದರ ಪುಡಿಯನ್ನು ಕೈಯಲ್ಲೂ ಮುಟ್ಟಬಾರದು.

ಈರುಳ್ಳಿ ರಸದ ಬಗ್ಗೆ ಒಂದು ಸಣ್ಣ ಅಧ್ಯಯನ ಇದೆ, ಅದೂ ಗುಂಡನೆಯ ಮಚ್ಚೆಯವರಿಗೆ. ಈರುಳ್ಳಿ ಶಾಂಪೂಗಳಿಗೂ ಅದಕ್ಕೂ ಸಂಬಂಧವಿಲ್ಲ. ಔಷಧದ ಲೇಬಲ್ ಮೇಲೆ ಬೊಕ್ಕತಲೆ ವಾಸಿ ಮಾಡುತ್ತೇವೆ, ಹೊಸ ಕೂದಲು ಬೆಳೆಸುತ್ತೇವೆ ಎಂದು ಹೇಳಿಕೊಳ್ಳುವಂತಿಲ್ಲ ಎಂದು ದೇಶದ ಔಷಧ ನಿಯಮಗಳ ಶೆಡ್ಯೂಲ್ ಜೆ ಹೇಳುತ್ತದೆ. ಜಾತ್ರೆಯಲ್ಲೋ ಫೋನಲ್ಲೋ "ಗ್ಯಾರಂಟಿ" ಎಣ್ಣೆ ಕಂಡಾಗ ಇದು ನೆನಪಿಗೆ ಬರಲಿ. ಕೂದಲು ನಾಟಿ ಮಾಡಿಸುವವರು ಸೂಜಿ ಹಿಡಿಯುವವರು ಡಾಕ್ಟರೇ, ಯಾವ ಓದು ಓದಿದ್ದಾರೆ ಅಂತ ಮೊದಲು ಕೇಳಿ. ಬೆಲೆ ಆಮೇಲೆ.

ಡಾಕ್ಟರ ಹತ್ತಿರ ಹೋಗುವಾಗ

ಗುಂಡನೆಯ ಮಚ್ಚೆ, ನೆತ್ತಿಯಲ್ಲಿ ಕೀವು ಅಥವಾ ನೋವು, ಹುಬ್ಬು ಉದುರುವುದು, ಕೂದಲು ಹೋದ ಜಾಗ ಗಾಯದ ಕಲೆಯಂತೆ ಹೊಳೆಯುವುದು, ಮಕ್ಕಳ ತಲೆಯ ಯಾವುದೇ ಮಚ್ಚೆ: ಇವಕ್ಕೆ ಕಾಯಬೇಡಿ. ತಲೆ ತುಂಬ ಉದುರುವುದು ಆರು ತಿಂಗಳಾದರೂ ನಿಲ್ಲದಿದ್ದರೂ ಹೋಗಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ನಮಗೆ ಹತ್ತಿರ. ಚಿಕ್ಕಬಳ್ಳಾಪುರ, ತುಮಕೂರಿನವರಿಗೂ ತಮ್ಮ ಜಿಲ್ಲಾ ಆಸ್ಪತ್ರೆ ಇದೆ. ಕೇಳಬೇಕಾದದ್ದು ಚರ್ಮರೋಗ ವಿಭಾಗ.

ಹೋಗುವ ಹಿಂದಿನ ದಿನದಿಂದ ಎಣ್ಣೆ ಹಚ್ಚಬೇಡಿ, ನೆತ್ತಿ ಕಾಣುವುದಿಲ್ಲ. ಬಿಗಿ ಜಡೆ ಬೇಡ. ಬೈತಲೆಯ ಹಳೆಯ ಫೋಟೋ, ಬಿದ್ದ ಕೂದಲು ಒಂದಿಷ್ಟು ಕಾಗದದಲ್ಲಿ ಸುತ್ತಿ, ಕಳೆದ ಆರು ತಿಂಗಳ ಜ್ವರ, ಹೆರಿಗೆ, ಆಪರೇಷನ್ ತಾರೀಕು ಬರೆದ ಚೀಟಿ ಜೊತೆಗಿರಲಿ. ಮೊಡವೆ, ಫಿಟ್ಸ್, ಬಿಪಿ, ಥೈರಾಯ್ಡ್, ಏನಕ್ಕೆ ಮಾತ್ರೆ ತೊಗೊಳ್ಳುತ್ತಿದ್ದರೂ ಸ್ಟ್ರಿಪ್ ಸಮೇತ ಒಯ್ಯಿರಿ, ಕೆಲವು ಮಾತ್ರೆಗಳಿಂದಲೂ ಕೂದಲು ಉದುರುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ. ಬಯೋಟಿನ್ ನುಂಗುತ್ತಿದ್ದರೆ ಮಾತ್ರ ರಕ್ತ ಕೊಡುವ ಎರಡು ಮೂರು ದಿನ ಮುಂಚೆಯೇ ನಿಲ್ಲಿಸಿ, ನಿಲ್ಲಿಸಿದ್ದನ್ನು ಲ್ಯಾಬಿನವರಿಗೂ ಹೇಳಿ.